ಕಂಡಗ, ಸರಪಳಿ ಮತ್ತು ನಾಡಿನ ಮೂಲಧನ: ಪಡುವಣ ಮೈಸೂರಿನ ನಾಲ್ಕು ತಾಲ್ಲೂಕುಗಳ ಲೆಕ್ಕ

ನಾಡಿನ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಅರಸರ ವಂಶಾವಳಿಯಿಂದ ತೊಡಗಿ, ಯುದ್ಧಗಳನ್ನೂ ದೇವಾಲಯಗಳನ್ನೂ ವಿಸ್ತಾರವಾಗಿ ವರ್ಣಿಸಿ, ಕಡೆಯಲ್ಲಿ ಪ್ರಜೆಗಳ ಸ್ಥಿತಿಗತಿಗೆ ನಾಲ್ಕು ಪಂಕ್ತಿಗಳನ್ನು ಮೀಸಲಾಗಿಡುವರು. ಆ ಅರಸರ ಭಂಡಾರವು ಯಾವುದರಿಂದ ತುಂಬಿತು, ಎಷ್ಟು ನೆಲವು ನೇಗಿಲಿಗೆ ಒಳಗಾಗಿದ್ದಿತು, ಎಷ್ಟು ಕಟ್ಟೆ ನಾಲೆಗಳು ನೀರು ಹರಿಸುತ್ತಿದ್ದುವು, ಗಾಣಗಳೂ ಮಗ್ಗಗಳೂ ಬಂಡಿಗಳೂ ಎಷ್ಟು ಇದ್ದುವು ಎಂಬ ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಎದ್ದರೂ ಉತ್ತರವು ಸುಲಭವಲ್ಲ. ಹಿಂದಿನವರು ಎಣಿಸಲಿಲ್ಲವೆಂಬುದು ಇದಕ್ಕೆ ಕಾರಣವಲ್ಲ. ಅವರು ಬಹಳವಾಗಿಯೇ ಎಣಿಸಿದ್ದಾರೆ. ಆದರೆ ಒಬ್ಬೊಬ್ಬರು ಒಂದೊಂದು ಉದ್ದೇಶಕ್ಕಾಗಿ, ಒಂದೊಂದು ಅಳತೆಗೋಲಿನಿಂದ ಎಣಿಸಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡಿದರೆ, ಲೆಕ್ಕದ ಕಷ್ಟವೂ ಅದರ ಪ್ರಯೋಜನವೂ ಏಕಕಾಲದಲ್ಲಿ ಗೋಚರವಾಗುವುವು.

ಮೊದಲು ಮೂಲಧನವೆಂದರೆ ಏನೆಂಬುದನ್ನು ನಿಷ್ಕರ್ಷೆಮಾಡತಕ್ಕದ್ದು. ಸಂಸಾರಸ್ಥನೊಬ್ಬನು ತನ್ನ ಮನೆಯ ಲೆಕ್ಕವನ್ನು ಬರೆಯುವಾಗ ವರ್ಷದ ಹುಟ್ಟುವಳಿಯನ್ನು ಒಂದು ಕಡೆಯೂ, ಮನೆ, ಹೊಲ, ಎತ್ತು, ಬಾವಿಗಳನ್ನು ಇನ್ನೊಂದು ಕಡೆಯೂ ಬರೆಯುವನಷ್ಟೆ. ಮೊದಲನೆಯದು ಪ್ರತಿವರ್ಷವೂ ಬಂದು ವೆಚ್ಚವಾಗಿ ಹೋಗುವುದು. ಎರಡನೆಯದು ನಿಂತಿದ್ದು ಮೊದಲನೆಯದನ್ನು ಹುಟ್ಟಿಸುವುದು. ಈ ಎರಡನೆಯ ಪಂಕ್ತಿಯೇ ಮೂಲಧನ. ಪೆಟ್ಟಿಗೆಯ ಹಣವು ಇದರಲ್ಲಿ ಸೇರದು. ಮನುಷ್ಯನ ದುಡಿಮೆಯಿಂದ ಆಗಿ, ಮುಂದಿನ ದುಡಿಮೆಗೆ ಸಾಧನವಾಗುವ ವಸ್ತುಗಳು ಮಾತ್ರ ಸೇರುವುವು. ನೆಲವು ದೇವರು ಕೊಟ್ಟದ್ದಾದರೂ, ಕಾಡನ್ನು ಕಡಿದು, ಬದುವನ್ನು ಹಾಕಿ, ನೀರನ್ನು ತಂದು ಅದನ್ನು ಗದ್ದೆಯಾಗಿ ಮಾಡಿದವನು ರೈತನು. ಆದುದರಿಂದ ಸಾಗುವಳಿಯ ನೆಲದಲ್ಲಿ ಪ್ರಕೃತಿಯದೆಷ್ಟು, ಮಾನವನದೆಷ್ಟು ಎಂದು ಬೇರ್ಪಡಿಸುವುದೇ ಈ ಶಾಸ್ತ್ರದ ಮೊದಲನೆಯ ತೊಡಕು.

ಎರಡನೆಯ ತೊಡಕು ಎಲ್ಲೆಯದು. ಒಂದು ಪ್ರದೇಶದ ಐಶ್ವರ್ಯವು ಹೆಚ್ಚಿತೋ ಕಡಮೆಯಾಯಿತೋ ಎಂದು ಹೇಳಬೇಕಾದರೆ ಆ ಪ್ರದೇಶವು ಎರಡು ಕಾಲಗಳಲ್ಲಿಯೂ ಒಂದೇ ಆಗಿರಬೇಕು. ಈ ಸೀಮೆಯಲ್ಲಿ ಹಾಗಿಲ್ಲ. ಪ್ರಾಚೀನ ಕಾಲದಲ್ಲಿ ಕಪಿಲೆಯ ದಡದಲ್ಲಿದ್ದ ಪುನ್ನಾಟ ರಾಜ್ಯವು 'ಆರುಸಾಸಿರ' ಎಂದು ಹೆಸರಾಗಿದ್ದಿತು. ಗಂಗವಾಡಿಯು 'ತೊಂಬತ್ತಾರು ಸಾಸಿರ'. ಈ ಸಾವಿರಗಳು ಗ್ರಾಮಗಳ ಸಂಖ್ಯೆಯೋ, ತೆರಿಗೆಯ ಮೊತ್ತವೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ಅನಂತರ ಹುಣಸೂರು ಪಿರಿಯಾಪಟ್ಟಣಗಳ ಸೀಮೆಯು ಚಂಗಾಳ್ವರ ಚಂಗನಾಡಾಯಿತು. ಎಡತೊರೆಯ ತಾಲ್ಲೂಕು, ೧೯೨೪ರ ಕಾವೇರಿಯ ಮಹಾಪ್ರವಾಹವು ಹಳೆಯ ಊರನ್ನು ಕೆಡಿಸಿದ ಮೇಲೆ, ಎತ್ತರದ ನೆಲದಲ್ಲಿ ಕಟ್ಟಿದ ಹೊಸ ಪಟ್ಟಣದಿಂದಾಗಿ ಕೃಷ್ಣರಾಜನಗರವೆಂದು ಪ್ರಸಿದ್ಧವಾಯಿತು. ಇತ್ತೀಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರೂ, ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಪ್ರತ್ಯೇಕ ತಾಲ್ಲೂಕುಗಳಾದುವು. ತಾಲ್ಲೂಕಿನ ಹೆಸರನ್ನೇ ನಂಬಿ ಎರಡು ಕಾಲದ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟರೆ, ಎಲ್ಲೆಯು ಸರಿದುದನ್ನು ಐಶ್ವರ್ಯವು ಕರಗಿತೆಂದು ಭ್ರಮಿಸಬೇಕಾದೀತು. ಗ್ರಾಮವೇ ಈ ಲೆಕ್ಕಕ್ಕೆ ತಳಹದಿಯಾಗಿರಬೇಕು. ತಾಲ್ಲೂಕುಗಳು ಒಡೆದು ಕೂಡುತ್ತಿದ್ದರೂ ಗ್ರಾಮವು ಬಹುಮಟ್ಟಿಗೆ ತನ್ನ ಎಲ್ಲೆಯಲ್ಲಿಯೇ ನಿಲ್ಲುವುದು.

ಇನ್ನು ನೆಲದ ಅಳತೆ. ೧೮೯೮ರಲ್ಲಿ ಪ್ರಕಟವಾದ 'ಎಪಿಗ್ರಾಫಿಯಾ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆಗಳ ಶಾಸನಗಳು ಸೇರಿವೆ. ದಾನಶಾಸನಗಳಲ್ಲಿ ಗದ್ದೆಯನ್ನು ಬೇರೆ, ಬೆದ್ದಲನ್ನು ಬೇರೆ ಹೇಳಿ, ಕಂಡಗ ಕೊಳಗಗಳಲ್ಲಿ ಪ್ರಮಾಣವನ್ನು ಸೂಚಿಸುವುದು ವಾಡಿಕೆ. ಇಪ್ಪತ್ತು ಕೊಳಗಕ್ಕೆ ಒಂದು ಕಂಡಗ. ಇದು ಮೂಲತಃ ಧಾನ್ಯದ ಅಳತೆ. ಒಂದು ಕಂಡಗ ಬೀಜವನ್ನು ಬಿತ್ತಲು ಎಷ್ಟು ನೆಲ ಬೇಕೋ ಅಷ್ಟು ನೆಲಕ್ಕೂ ಕಂಡಗವೆಂದೇ ಹೆಸರು. ಈ ಕ್ರಮವನ್ನು ಅನಾಗರಿಕವೆಂದು ತಿರಸ್ಕರಿಸುವುದು ಯುಕ್ತವಲ್ಲ. ನೆಲವು ಎಷ್ಟು ಉದ್ದ, ಎಷ್ಟು ಅಗಲ ಎಂಬುದು ರೈತನಿಗೆ ಮುಖ್ಯವಾಗಿರಲಿಲ್ಲ. ಅದು ಎಷ್ಟು ಬೀಜವನ್ನು ಹಿಡಿಯುವುದು ಎಂಬುದೇ ಮುಖ್ಯವಾಗಿದ್ದಿತು. ಬೀಜದ ಅಳತೆಯಲ್ಲಿ ವಿಸ್ತೀರ್ಣವೂ ನೆಲದ ಗುಣವೂ ಬೆಳೆಯ ಜಾತಿಯೂ ಒಂದಾಗಿ ಬೆರೆತಿದ್ದುವು.

ಆ ಬೆರಕೆಯೇ ಲೆಕ್ಕಿಗನಿಗೆ ಸಂಕಟ. ಸರಕಾರದವರು ಕಂಡಗವನ್ನು ಚದರ ಗಜಗಳಿಗೆ ಪರಿವರ್ತಿಸಿದಾಗ ಬೆದ್ದಲಿನ ಕಂಡಗವೊಂದಕ್ಕೆ ೬೪,೦೦೦ ಚದರ ಗಜಗಳೆಂದೂ, ಗದ್ದೆ ಅಥವಾ ತೋಟದ ಕಂಡಗವೊಂದಕ್ಕೆ ೧೦,೦೦೦ ಚದರ ಗಜಗಳೆಂದೂ ಗೊತ್ತುಮಾಡಿದರು. ಇಂದಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು ೧೩ ಎಕರೆ ೯ ಗುಂಟೆ. ಎರಡನೆಯದು ೨ ಎಕರೆ ಎರಡೂವರೆ ಗುಂಟೆಗೆ ಸ್ವಲ್ಪ ಹೆಚ್ಚು. ಒಂದೇ ಹೆಸರಿನ ಎರಡು ಅಳತೆಗಳಲ್ಲಿ ಆರು ಪಾಲಿಗಿಂತಲೂ ಹೆಚ್ಚು ಅಂತರವಿದೆ. ಹಳೆಯ ಪತ್ರವೊಂದರಲ್ಲಿ 'ಹತ್ತು ಕಂಡಗ ಭೂಮಿ' ಎಂದು ಮಾತ್ರ ಇದ್ದು, ಗದ್ದೆಯೋ ಹೊಲವೋ ಎಂಬುದು ಅಳಿಸಿಹೋಗಿದ್ದರೆ, ಅದನ್ನು ೨೦ ಎಕರೆ ಎಂದೂ ಹೇಳಬಹುದು, ೧೩೨ ಎಕರೆ ಎಂದೂ ಹೇಳಬಹುದು. ಇಂತಹ ನೂರು ಪತ್ರಗಳನ್ನು ಕೂಡಿಸಿ ಬರೆದ ಮೊತ್ತವು ಎಷ್ಟೇ ಸೂಕ್ಷ್ಮವಾಗಿ ಕಂಡರೂ ಅದರ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಎಂದರೆ ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯಲ್ಲಿ ಸಂಚಾರಮಾಡಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನು ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆಗಳ ಮಾರ್ಗವಾಗಿ ಹಾದುಹೋದನು. ಅವನ ಪ್ರವಾಸಕಥನವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬಿತ್ತುವ ಬೀಜವೆಷ್ಟು, ಬರುವ ಫಲವೆಷ್ಟು, ಸರಕಾರದ ಪಾಲೆಷ್ಟು ಎಂದು ಅವನು ಊರೂರಿನಲ್ಲಿಯೂ ಕೇಳಿ ಬರೆದುಕೊಂಡನು. ಪಿರಿಯಾಪಟ್ಟಣದ ಕೋಟೆಯು ಆಗ ಹಾಳುಬಿದ್ದಿದ್ದಿತು. ಅದರ ನೆರೆಯ ಸಿದ್ಧೇಶ್ವರದ ಬಳಿ ೧೭೯೯ನೆಯ ಮಾರ್ಚಿ ೬ರಂದು ಟಿಪ್ಪುವಿನ ಸೇನೆಗೂ ಬೊಂಬಾಯಿಯ ಸೇನೆಗೂ ಕಾಳಗ ನಡೆದಿದ್ದಿತು. ಅದಕ್ಕೆ ಮುಂಚಿನ ಯುದ್ಧದಲ್ಲಿಯೂ ಕೊಡಗಿನ ದಾರಿಯ ಈ ಸೀಮೆಯು ದಂಡಿನ ಹಾದಿಯಾಗಿದ್ದಿತು. ಆದಕಾರಣ ಬುಕಾನನ್ನನ ಅಂಕಿಗಳನ್ನು ಪಡುವಣ ಮೈಸೂರಿನ ಸಹಜಸ್ಥಿತಿಯೆಂದು ಹಿಡಿದು, ಮುಂದಿನ ಏಳಿಗೆಯನ್ನೆಲ್ಲ ಅದರಿಂದ ಅಳೆಯತಕ್ಕದ್ದಲ್ಲ. ಜ್ವರದಿಂದ ಎದ್ದವನನ್ನು ಆ ದಿನವೇ ತೂಗಿ, ಅನಂತರ ಅವನು ಹೆಚ್ಚಿದ ತೂಕವನ್ನೆಲ್ಲ ವೈದ್ಯನ ಕೀರ್ತಿಗೆ ಸೇರಿಸಿದಂತಾದೀತು.

ನೆಲವನ್ನು ಬೀಜದಿಂದ ಬಿಡಿಸಿ ಸರಪಳಿಗೆ ಒಪ್ಪಿಸಿದ್ದು ಮೈಸೂರಿನ ರೆವಿನ್ಯೂ ಸರ್ವೆ. ಬೌರಿಂಗ್ ಕಮಿಷನರ್ ಆಗಿದ್ದಾಗ, ೧೮೬೩ರಲ್ಲಿ, ಚಿತ್ರದುರ್ಗದ ಕಡೆಯಿಂದ ಪ್ರಾರಂಭವಾದ ಈ ಕಾರ್ಯವು ಬೊಂಬಾಯಿಯ ಪದ್ಧತಿಯನ್ನನುಸರಿಸಿತು. ಸರಪಳಿಯ ಉದ್ದ ೩೩ ಅಡಿ; ಅದರಲ್ಲಿ ೧೬ ಆಣೆಗಳು. ಒಂದು ಸರಪಳಿಯ ಚೌಕವೇ ಒಂದು ಗುಂಟೆ, ೧,೦೮೯ ಚದರ ಅಡಿ. ೪೦ ಗುಂಟೆಗೆ ಒಂದು ಎಕರೆ. ವಿಸ್ತೀರ್ಣದ ನಿಷ್ಕರ್ಷೆಯಾದ ಮೇಲೆ ಗುಣದ ಪರೀಕ್ಷೆ. ಮಣ್ಣನ್ನು ಜಾತಿಯಿಂದ ಮೂರಾಗಿ ವಿಂಗಡಿಸಿ, ಆಳವನ್ನು ಮೊಳದ ಲೆಕ್ಕದಲ್ಲಿ ಅಗೆದು ನೋಡಿ, ಮರಳು ಬೆರಕೆ, ಇಳಿಜಾರು, ಜೌಗು ಮೊದಲಾದ ದೋಷಗಳಿಗೆ ತಕ್ಕಷ್ಟು ಕಳೆದು, ೧೬ ಆಣೆಯಿಂದ ೨ ಆಣೆಯವರೆಗೆ ಒಂಬತ್ತು ತರಗತಿಗಳನ್ನು ಮಾಡುತ್ತಿದ್ದರು. ಖುಷ್ಕಿ, ತರಿ, ಬಾಗಾಯತು ಎಂಬ ಭೇದವೂ ಆಯಾ ತರಗತಿಯೂ ಸೇರಿ ಕಂದಾಯವು ಗೊತ್ತಾಗುತ್ತಿದ್ದಿತು. ಹಿಂದೆ ಕಂಡಗವೆಂಬ ಒಂದೇ ಮಾತಿನಲ್ಲಿ ಅಡಗಿದ್ದ ವಿಸ್ತಾರ, ಗುಣ, ನೀರು ಎಂಬ ಮೂರೂ ಇಲ್ಲಿ ಮೂರು ಕಲಮುಗಳಾಗಿ ಬೇರ್ಪಟ್ಟುವು. ಚರಿತ್ರಕಾರನಿಗೆ ಇದು ಮಹೋಪಕಾರ. ಬೆದ್ದಲಿನ ಎಕರೆಯನ್ನೂ ಗದ್ದೆಯ ಎಕರೆಯನ್ನೂ ಸುಮ್ಮನೆ ಕೂಡಿಸದೆ, ಆಣೆಯ ತೂಕವನ್ನು ಕೊಟ್ಟು ಕೂಡಿಸಲು ಇದರಿಂದ ಸಾಧ್ಯವಾಯಿತು.

ಆದರೆ ತರಿಯ ಎಕರೆಯು ತರಿಯಾದುದು ಮಣ್ಣಿನಿಂದಲ್ಲ, ಕಲ್ಲುಗಾರೆಯಿಂದ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಹನಗೋಡು, ಕಟ್ಟೆಮಳಲವಾಡಿ ಮುಂತಾದೆಡೆಗಳಲ್ಲಿ ಹಾಕಿದ ಕಟ್ಟೆಗಳೂ, ಕಾವೇರಿಯಿಂದ ಎಡತೊರೆಯ ಸೀಮೆಗೆ ನೀರನ್ನು ತಂದ ಚಾಮರಾಜ, ರಾಮಸಮುದ್ರ, ಮಿರ್ಲೆ ಮೊದಲಾದ ನಾಲೆಗಳೂ ಈ ಪ್ರದೇಶದ ಮೂಲಧನದಲ್ಲಿ ಅಗ್ರಗಣ್ಯವಾದುವು. ಇವಕ್ಕೆ ಬೆಲೆ ಕಟ್ಟುವ ಬಗೆ ಹೇಗೆ? ಕಟ್ಟಿದಾಗ ತಗುಲಿದ ವೆಚ್ಚವನ್ನು ಹಿಡಿಯೋಣವೆಂದರೆ, ಹಳೆಯ ಕಟ್ಟೆಗಳ ವೆಚ್ಚವು ಬಹುಮಟ್ಟಿಗೆ ದಿನಗೂಲಿಯ ಧಾನ್ಯದಲ್ಲಿಯೂ ಬಿಟ್ಟಿಯ ದುಡಿಮೆಯಲ್ಲಿಯೂ ಸಂದಿತು. ಇಂದು ಹೊಸದಾಗಿ ಕಟ್ಟಿದರೆ ಎಷ್ಟಾದೀತು ಎಂದು ಹಿಡಿದರೆ ಅಂಕಿಯು ಬೆಟ್ಟದಷ್ಟಾಗುವುದು. ಮೂರನೆಯ ಮಾರ್ಗವೊಂದುಂಟು: ನೀರಿಲ್ಲದ ಎಕರೆಗೂ ನೀರುಳ್ಳ ಎಕರೆಗೂ ಹುಟ್ಟುವಳಿಯಲ್ಲಿರುವ ಅಂತರವೇ ಕಟ್ಟೆಯ ವರ್ಷಾದಾಯವೆಂದು ತಿಳಿದು, ಅದನ್ನು ಕೆಲವು ವರ್ಷಗಳಿಂದ ಗುಣಿಸಿ ಮೂಲದ ಬೆಲೆಯನ್ನು ಕಾಣುವುದು.

ಈ ಮಾರ್ಗವು ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಸರ್ ವಿಲಿಯಂ ಪೆಟ್ಟಿಯು ತನ್ನ ದೇಶದ ನೆಲದ ಗೇಣಿಯನ್ನು ವರ್ಷಕ್ಕೆ ೮೦ ಲಕ್ಷ ಪೌಂಡುಗಳೆಂದು ಅಂದಾಜುಮಾಡಿ, ೧೮ ವರ್ಷಗಳಿಂದ ಗುಣಿಸಿ, ನೆಲದ ಬೆಲೆಯನ್ನು ೧೪ ಕೋಟಿ ೪೦ ಲಕ್ಷವೆಂದು ಎಣಿಸಿದನು. ನೆಲವನ್ನು ಕೊಂಡು ಮಾರುವ ರೂಢಿಯಿದ್ದ ದೇಶದಲ್ಲಿ ೧೮ ಎಂಬ ಅಂಕಿಯು ಪೇಟೆಯಿಂದ ಬಂದುದು. ನೆಲಕ್ಕೆ ಪೇಟೆಯೇ ಸರಿಯಾಗಿಲ್ಲದ ಕಾಲದ ಹೆಗ್ಗಡದೇವನಕೋಟೆಗೆ ಅದನ್ನೇ ಅನ್ವಯಿಸಿದರೆ ಉತ್ತರವು ಬರುವುದೇನೋ ನಿಜ. ಅದಕ್ಕೆ ಅರ್ಥವಿರುವುದೇ ಎಂಬುದು ಬೇರೆಯ ಮಾತು. ಇದಕ್ಕಿಂತ ಹಳೆಯದಾದ ಮತ್ತೊಂದು ಉದಾಹರಣೆಯಿಂದ ಹೆಚ್ಚಿನ ಪಾಠವನ್ನು ಕಲಿಯಬಹುದು. ೧೦೮೬ರಲ್ಲಿ ಇಂಗ್ಲೆಂಡಿನ ವಿಲಿಯಂ ದೊರೆಯು ಬರೆಯಿಸಿದ ಡೂಮ್ಸ್‌ಡೇ ಪುಸ್ತಕದಲ್ಲಿ ಒಂದೊಂದು ಗ್ರಾಮದ ನೇಗಿಲುಗಳೆಷ್ಟು, ಬೀಸುವ ಗಿರಣಿಗಳೆಷ್ಟು, ಹುಲ್ಲುಗಾವಲೆಷ್ಟು ಎಂದು ವಸ್ತುಗಳನ್ನೇ ಮೊದಲು ಎಣಿಸಿ, ಬೆಲೆಯನ್ನು ಆಮೇಲೆ ಹೇಳಿದೆ. ವಸ್ತುವಿನ ಎಣಿಕೆಯು ಬಹುಕಾಲ ಬಾಳುವುದು; ಬೆಲೆಯು ಆಯಾ ಕಾಲದ ಅಭಿಪ್ರಾಯ ಮಾತ್ರ. ಪಡುವಣ ಮೈಸೂರಿನ ಲೆಕ್ಕದಲ್ಲಿಯೂ ಈ ಕ್ರಮವೇ ಲೇಸು.

ವಸ್ತುಗಳ ಎಣಿಕೆಗೆ ಆಕರವೆಲ್ಲಿದೆ? ಬಹುಪಾಲು ತೆರಿಗೆಯಲ್ಲಿದೆ. ಶಾಸನಗಳ ಮಗ್ಗದೆರೆ, ಗಾಣದೆರೆ, ಮನೆದೆರೆಗಳೂ, ಅನಂತರದ ಮೊಹತರ್ಫವೂ ವ್ಯವಸಾಯವನ್ನು ಬಿಟ್ಟ ಇತರ ಕಸಬುಗಳ ಸಾಧನಗಳನ್ನು ಒಂದೊಂದಾಗಿ ಹಿಡಿದುವು. ಗಾಣಕ್ಕೆ ತೆರಿಗೆಯಿದ್ದವರೆಗೆ ಶಾನುಭೋಗನ ಕಡತದಲ್ಲಿ ಗಾಣವಿದ್ದಿತು. ಕಬ್ಬನ್ನನ ಆಡಳಿತದಲ್ಲಿ ೭೬೯ ಚಿಲ್ಲರೆ ತೆರಿಗೆಗಳು ರದ್ದಾದುವೆಂದು ರೈಸರು ಬರೆದಿದ್ದಾರೆ. ಪ್ರಜೆಗಳಿಗೆ ಇದು ಪರಮೋಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೆರಿಗೆ ಹೋದೊಡನೆ ಎಣಿಕೆಯೂ ಹೋಯಿತು. ತೆರಿಗೆಯ ಪಟ್ಟಿಯಲ್ಲಿ ವಸ್ತುವು ಕಾಣದಾದಾಗ, ಅದು ಲೋಕದಲ್ಲಿಯೇ ಇಲ್ಲವಾಯಿತೆಂದು ಭಾವಿಸುವವನು ಕೈಗಾರಿಕೆಯ ಪತನವನ್ನು ಕುರಿತು ಒಂದು ಸುಳ್ಳು ಅಧ್ಯಾಯವನ್ನೇ ಬರೆಯಬಹುದು. ತೆರಿಗೆಯಿದ್ದಾಗಲೂ ಮುಚ್ಚಿಟ್ಟ ಮಗ್ಗಗಳು ಇದ್ದೇ ಇದ್ದುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈಗಾರಿಕೆಯ ಮೂಲಧನಕ್ಕೆ ಹುಣಸೂರಿನಷ್ಟು ಸ್ಫುಟವಾದ ನಿದರ್ಶನವು ಈ ಸೀಮೆಯಲ್ಲಿ ಮತ್ತೊಂದಿಲ್ಲ. ಮದರಾಸಿನ ದಂಡಿನ ಸರಬರಾಯಿ ಇಲಾಖೆಯವರು ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ, ಕಂಬಳಿಯ ಕಾರ್ಖಾನೆಯನ್ನೂ, ಮರದ ಕೊಠಾರವನ್ನೂ ನಡೆಯಿಸುತ್ತಿದ್ದು, ೧೮೬೪ರಲ್ಲಿ ಮುಚ್ಚಿದರು. ಲೆಕ್ಕದ ಪುಸ್ತಕದ ಪ್ರಕಾರ ಆ ವರ್ಷ ಹುಣಸೂರಿನ ಮೂಲಧನವು ಸೊನ್ನೆಗೆ ಇಳಿಯಿತು. ಆದರೆ ಅಲ್ಲಿ ಪಳಗಿದ ಕುಶಲಕರ್ಮಿಗಳು ಊರನ್ನು ಬಿಡಲಿಲ್ಲ. ಚರ್ಮದ ಕೆಲಸವೂ ಬಂಡಿಗಳ ಕೆಲಸವೂ ಖಾಸಗಿ ಕೈಗಳಲ್ಲಿ ಮುಂದುವರಿದು ಊರಿಗೆ ಹೆಸರು ತಂದುವು. ಕಟ್ಟಡವನ್ನೂ ಯಂತ್ರವನ್ನೂ ಎಣಿಸಿ ಕೈಚಳಕವನ್ನು ಎಣಿಸದ ಲೆಕ್ಕವು ಇದನ್ನು ಕಾಣಲಾರದು. ಪೆಟ್ಟಿಯು ತನ್ನ ದೇಶದ ಜನರ ದುಡಿಮೆಯ ಬೆಲೆಯನ್ನು ನೆಲದ ಬೆಲೆಗಿಂತ ಹೆಚ್ಚೆಂದು ಎಣಿಸಿದುದು ಈ ಸಂದರ್ಭದಲ್ಲಿ ಸ್ಮರಣೀಯ.

ದನಗಳ ವಿಷಯದಲ್ಲಿಯೂ ಹುಣಸೂರು ಪಾಠವನ್ನು ಕಲಿಸುವುದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲಾಯಿತು; ಅನಂತರ ಆ ದನಗಳ ಆಡಳಿತದ ಮುಖ್ಯಸ್ಥಾನವು ಹುಣಸೂರಿನಲ್ಲಿದ್ದಿತು. ತೋಪುಗಳನ್ನು ಎಳೆಯುವುದರಲ್ಲಿ ಸಾಟಿಯಿಲ್ಲದ ಈ ಎತ್ತುಗಳ ಮಂದೆಗಳನ್ನು ೧೮೬೦ರಲ್ಲಿ ಮಿತವ್ಯಯದ ದೃಷ್ಟಿಯಿಂದ ಮಾರಿಬಿಟ್ಟರು. ಸಾಕುವ ವೆಚ್ಚವು ಕಣ್ಣಿಗೆ ಕಂಡಿತೇ ಹೊರತು ತಲೆಮಾರುಗಳ ತಳಿಸಂಗ್ರಹದ ಬೆಲೆಯು ಕಾಣಲಿಲ್ಲ. ೧೮೬೬ರಲ್ಲಿ ಚದುರಿದ ತಳಿಯನ್ನು ಹುಡುಕಿ ಮತ್ತೆ ಮಂದೆಯನ್ನು ಕಟ್ಟಬೇಕಾಯಿತು. ಯಾವ ವಸ್ತುವಿನ ಬೆಲೆಯನ್ನು ಲೆಕ್ಕದಲ್ಲಿ ಬರೆದಿರುವುದಿಲ್ಲವೋ ಅದನ್ನು ಕಳೆದುಕೊಳ್ಳುವುದು ಬಹು ಸುಲಭ.

ಮೂಲಧನವು ಸವೆಯುವ ಪದಾರ್ಥ. ಆಧುನಿಕ ಅರ್ಥಶಾಸ್ತ್ರಜ್ಞರು ವರ್ಷವರ್ಷವೂ ಹೊಸದಾಗಿ ಸೇರಿದುದನ್ನು ಕೂಡಿಸಿ, ಸವೆದುದನ್ನು ಕಳೆದು, ಉಳಿದ ಮೊತ್ತವನ್ನು ಮುಂದಕ್ಕೆ ಒಯ್ಯುತ್ತಾರೆ. ನೇಗಿಲಿನ ಆಯುಸ್ಸು ಕೆಲವೇ ವರ್ಷ. ಬಂಡಿಯದು ಅದಕ್ಕಿಂತ ಹೆಚ್ಚು. ಕಟ್ಟೆಯದು, ಹೂಳೆತ್ತುತ್ತಿದ್ದರೆ, ಶತಮಾನಗಳು. ಹೂಳೆತ್ತದಿದ್ದರೆ ಅದು ಯಾರಿಗೂ ತಿಳಿಯದಂತೆ ಕರಗುವುದು. ಸಾವಧಾನವಾದ ಸವೆತಕ್ಕೆ ಈ ಕ್ರಮವು ತಕ್ಕದ್ದು. ಆದರೆ ಕ್ಷಾಮವು ಸಾವಧಾನವಾಗಿ ಬರುವುದಿಲ್ಲ. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆಯು, ೧೮೭೬–೭೮ರ ಕ್ಷಾಮದ ಅನಂತರ, ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಮನುಷ್ಯರೇ ಹೀಗೆ ಅಳಿದಾಗ ಎತ್ತುಗಳ ಪಾಡನ್ನು ಊಹಿಸಬಹುದು. ಎತ್ತಿಲ್ಲದ ಹೊಲವು ಸರ್ವೆಯ ಪುಸ್ತಕದಲ್ಲಿ ಮೊದಲಿನಷ್ಟೇ ಎಕರೆಯಾಗಿರುವುದು; ಆದರೆ ಅದು ಮೊದಲಿನ ಮೂಲಧನವಲ್ಲ.

ಈ ಜನಗಣತಿಗಳಿಗೆ ಮುಂಚಿನ ಅಂಕಿಗಳಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಪೂರ್ಣಯ್ಯನವರ ಕಾಲದ ಖಾನೇಷುಮಾರಿಯಿಂದ ಬಂದ ೨೧,೭೧,೭೫೪ ಎಂಬ ಪ್ರಜಾಸಂಖ್ಯೆಯನ್ನು ಅನೇಕರು ಉಲ್ಲೇಖಿಸುತ್ತಾರೆ. ಕಡೆಯ ನಾಲ್ಕರವರೆಗೂ ನಿಖರವಾಗಿ ಕಾಣುವ ಈ ಅಂಕಿಯನ್ನು ಯಾರೂ ತಲೆಯೆಣಿಸಿ ಪಡೆಯಲಿಲ್ಲ. ೪,೮೨,೬೧೨ ಸಂಸಾರಗಳನ್ನು ಎಣಿಸಿ, ಸಂಸಾರಕ್ಕೆ ನಾಲ್ಕೂವರೆ ಜನರೆಂದು ಗುಣಿಸಿದರೆ ಸರಿಯಾಗಿ ಇದೇ ಬರುವುದು. ನಾಲ್ಕೂವರೆಯ ಬದಲು ಐದೆಂದಿದ್ದರೆ ಎರಡು ಲಕ್ಷ ನಲವತ್ತು ಸಾವಿರಕ್ಕೂ ಮೇಲ್ಪಟ್ಟ ಜನರು ಒಂದು ಗುಣಾಕಾರದಿಂದ ಹುಟ್ಟುತ್ತಿದ್ದರು. ಅಂಕಿಯನ್ನು ನಂಬುವುದಕ್ಕೆ ಮೊದಲು ಅದರ ತಾಯಿತಂದೆಗಳನ್ನು ವಿಚಾರಿಸತಕ್ಕದ್ದು.

ಇಷ್ಟೆಲ್ಲ ಎಣಿಸಿದವರು ಎಣಿಸದೆ ಬಿಟ್ಟುದು ಯಾವುದು ಎಂಬ ಪ್ರಶ್ನೆಯೇ ಕಡೆಯದು, ಎಲ್ಲಕ್ಕಿಂತಲೂ ಗುರುತರವಾದುದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು ತಲೆತಲಾಂತರದಿಂದ ವಾಸವಾಗಿದ್ದರು. ಅವರಿಗೆ ಜೇನಿನ ಮರವೂ, ಗೆಣಸಿನ ನೆಲವೂ, ನೀರಿನ ತಾವೂ ಜೀವನಸಾಧನಗಳೇ ಆಗಿದ್ದುವು. ಸರಪಳಿಯು ಕಂದಾಯ ಕೊಡುವ ನೆಲವನ್ನು ಅಳೆಯಿತು. ಕಾಡನ್ನು ಮರಮುಟ್ಟಿನ ಲೆಕ್ಕದಲ್ಲಿ ಅರಣ್ಯ ಇಲಾಖೆಯು ಅಳೆಯಿತು. ಇವರ ಸಾಧನಗಳು ಎರಡು ಪುಸ್ತಕಗಳಲ್ಲಿಯೂ ಬರಲಿಲ್ಲ. ೧೯೫೫ರಲ್ಲಿ ನಾಗರಹೊಳೆಯು ವನ್ಯಮೃಗಗಳ ರಕ್ಷಿತಧಾಮವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಪುನ್ನಾಟದ ರಾಜಧಾನಿಯಾಗಿದ್ದ ಕಿತ್ತೂರಿನ ನೆಲವೂ, ಕಾಕನಕೋಟೆಯ ಕಾಡಿನ ಭಾಗವೂ ನೀರಿನಲ್ಲಿ ಮುಳುಗಿದುವು. ಕೆಳಗಿನ ಬಯಲುಗಳಲ್ಲಿ ಸಾವಿರಾರು ಎಕರೆ ಬೆದ್ದಲು ಗದ್ದೆಯಾಯಿತು. ನಾಡಿನ ಮೂಲಧನದ ಪಟ್ಟಿಯಲ್ಲಿ ಇದು ಕೂಡುವ ಬಾಬು. ಕಳೆಯುವ ಬಾಬನ್ನು ಬರೆಯುವುದಕ್ಕೆ ಮಾತ್ರ ಅಂಕಿಯೇ ಇರಲಿಲ್ಲ. ಆಗಿನ ಭೂಸ್ವಾಧೀನದ ಕಾಯಿದೆಯು ಪರಿಹಾರವನ್ನು ಕೊಡುತ್ತಿದ್ದುದು ನೆಲದಲ್ಲಿ ಹಕ್ಕನ್ನು ತೋರಿಸಬಲ್ಲವನಿಗೆ. ಖಾತೆಯಿಲ್ಲದವನು ಏನನ್ನು ತೋರಿಸಿಯಾನು? ಅಳತೆಗೆ ಸಿಗದ ಆಸ್ತಿಯು ನಷ್ಟಕ್ಕೂ ಸಿಗಲಿಲ್ಲ.

೨೦೦೬ರ ಅರಣ್ಯಹಕ್ಕುಗಳ ಕಾಯಿದೆಯು ಈ ದೃಷ್ಟಿಯಿಂದ ಒಂದು ಹೊಸ ಅಳತೆಗೋಲು. ಅದರ ನಿಯಮಗಳ ಪ್ರಕಾರ ಸರಕಾರದ ಕಾಗದಗಳಷ್ಟೇ ಅಲ್ಲದೆ, ಬಾವಿ, ಬದು, ಸಮಾಧಿಸ್ಥಳ, ದೇವರ ತಾವು ಮೊದಲಾದ ಕುರುಹುಗಳೂ ಹಿರಿಯರ ಹೇಳಿಕೆಗಳೂ ಹಕ್ಕಿಗೆ ಸಾಕ್ಷಿಯಾಗಬಲ್ಲುವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಬರಿಯ ಕಾಡೆಂದು ಬರೆದಿದ್ದ ಜಾಗದಲ್ಲಿ ಮನುಷ್ಯನ ದುಡಿಮೆಯಿದ್ದಿತೆಂಬುದನ್ನು ಶಾಸನವೇ ಒಪ್ಪಿದಂತಾಯಿತು. ಸಾಕ್ಷಿಯನ್ನು ನುಡಿಯಬಲ್ಲ ಹಿರಿಯರ ಸಂಖ್ಯೆಯು ವರ್ಷವರ್ಷಕ್ಕೂ ಕಡಮೆಯಾಗುತ್ತಿರುವುದರಿಂದ, ಈ ಲೆಕ್ಕವು ಮಾತ್ರ ಸಾವಕಾಶವನ್ನು ಸಹಿಸುವಂತಹುದಲ್ಲ.

ಹುಣಿಸೆಯ ಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಬರೆಯುತ್ತಿದ್ದ ಹಿಂದಿನ ಲೆಕ್ಕವನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಆದಕಾರಣವೇ ಉಳಿದಿರುವ ಒಂದೊಂದು ಕಡತವೂ ಅಮೂಲ್ಯ. ಈ ನಾಲ್ಕು ತಾಲ್ಲೂಕುಗಳ ಮನೆಗಳ ಅಟ್ಟಗಳಲ್ಲಿ ಇನ್ನೂ ಬಿದ್ದಿರಬಹುದಾದ ಕ್ರಯಪತ್ರ, ಪಾಲುಪಟ್ಟಿ, ಗೇಣಿಚೀಟಿಗಳಲ್ಲಿ ಎತ್ತಿನ ಜೋಡಿಯೆಷ್ಟು, ಗಾಣವೆಷ್ಟು, ಬಾವಿಯಲ್ಲಿ ಪಾಲೆಷ್ಟು ಎಂಬ ವಿವರಗಳಿರುತ್ತವೆ. ಪಾಲುಪಟ್ಟಿಯು ತೆರಿಗೆಗಾಗಿ ಬರೆದುದಲ್ಲವಾಗಿ, ಅದರಲ್ಲಿ ಮರೆಮಾಚುವ ಕಾರಣವು ಕಡಮೆ; ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡುತ್ತಲೇ ಬರೆಯಿಸಿದ ಲೆಕ್ಕವದು. ಸರ್ವೆಯ ಎಕರೆಯ ಪಕ್ಕದಲ್ಲಿ ಇಂತಹ ಪತ್ರಗಳ ಎತ್ತು, ನೇಗಿಲು, ಗಾಣಗಳನ್ನಿಟ್ಟು, ಗ್ರಾಮಗ್ರಾಮವಾಗಿ, ಕಂಡಗವು ಗದ್ದೆಯದೋ ಬೆದ್ದಲಿನದೋ ಎಂಬುದನ್ನು ಮರೆಯದೆ ಬರೆದಿಡುವುದು ವಿದ್ಯಾವಂತರ ಮನೆಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಬೆಲೆಯನ್ನು ಮುಂದಿನವರು ತಮ್ಮ ಕಾಲದ ಶಾಸ್ತ್ರಕ್ಕೆ ತಕ್ಕಂತೆ ಕಟ್ಟಿಕೊಳ್ಳುವರು.